ಮಗಳು ಬಾಡು ಬಿಟ್ಟಿದ್ದಾಳೆ, ಇನ್ನು ಏನು ಕೊಡಲಿ?

ಮಂಡ್ಯದ ಅಮ್ಮ

ಎಲ್ಲರಿಗೂ ನಮಸ್ಕಾರ. ಮನೆಯಲ್ಲಿ ನಾನು, ಯಜಮಾನರು, ಅತ್ತೆ, ಮಗಳು, ಚಿಕ್ಕ ಮಗ. ಮಗಳಿಗೆ 15, ಈಗ ಹತ್ತನೇ ಕ್ಲಾಸು. ನಾಲ್ಕು ತಿಂಗಳ ಹಿಂದೆ ಮದ್ದೂರು ಕಡೆ ನಮ್ಮೂರಿಗೆ ಮಾರಿಹಬ್ಬಕ್ಕೆ ಹೋಗಿದ್ದೆವು. ಹಿತ್ತಲಲ್ಲಿ ಕಟ್ಟಿದ್ದ ಕುರಿಮರಿಗೆ ಎರಡು ದಿನ ಇವಳೇ ಹಲಸಿನ ಸೊಪ್ಪು ತಿನ್ನಿಸಿದ್ದಳು. ಮೂರನೇ ದಿನ ಊಟಕ್ಕೆ ಕೂತವಳು ಎಲೆ ಮುಂದಿನಿಂದ ಎದ್ದು ಹೋದಳು. ಅವತ್ತಿಂದ ಬಾಡು, ಅಂದರೆ ಮಾಂಸ, ಮುಟ್ಟಿಲ್ಲ. ಮೊಟ್ಟೆಯೂ ಬೇಡ ಅಂತಾಳೆ. ಹಾಲು, ಮೊಸರು ಪರವಾಗಿಲ್ಲವಂತೆ.

ಹುಡುಗಾಟ, ಹದಿನೈದು ದಿನಕ್ಕೆ ಸರಿಹೋಗುತ್ತೆ ಅಂದುಕೊಂಡಿದ್ದೆ. ನಮ್ಮ ಮನೆಯಲ್ಲಿ ಭಾನುವಾರ ಬಾಡು ಇರಲೇಬೇಕು. ಇವಳೊಬ್ಬಳಿಗೆ ಬೇರೆ ಅಡುಗೆ ಎಲ್ಲಿ ಮಾಡುವುದು? ತುಂಡು ತೆಗೆದು ಬರೀ ಸಾರು ಹಾಕುತ್ತಿದ್ದೆ. ಒಂದು ದಿನ ಬಟ್ಟಲು ಮೂಸಿ ನೋಡಿ, ‘ಅಮ್ಮ, ಇದು ಬಾಡಿನ ಸಾರೇ ಅಲ್ವಾ?’ ಅಂದಳು. ನನಗೆ ಮುಖ ಎಲ್ಲಿಟ್ಟುಕೊಳ್ಳಬೇಕೋ ತಿಳಿಯಲಿಲ್ಲ. ಆಮೇಲೆ ಬೇಳೆಸಾರಿಗೂ ಅದೇ ಸೌಟು ಹಾಕುತ್ತೀರಿ ಅಂತ ಅದನ್ನೂ ಬಿಟ್ಟಳು. ಈಗ ಅನ್ನ, ಮೊಸರು, ಉಪ್ಪಿನಕಾಯಿ. ಸಂಜೆ ಟೀ, ಬನ್ನು.

ಎರಡು ವಾರದಿಂದ ಮೆಟ್ಟಿಲು ಹತ್ತಿದರೆ ಸುಸ್ತು. ಬಾಚಣಿಗೆ ತುಂಬಾ ಕೂದಲು. ರಕ್ತ ಪರೀಕ್ಷೆ ಮಾಡಿಸಿದರೆ ಹಿಮೋಗ್ಲೋಬಿನ್ 10.4. ಡಾಕ್ಟರು ಮಾತ್ರೆ ಬರೆದರು. ಊಟಕ್ಕೆ ಏನು ಕೊಡಲಿ ಅಂದರೆ ‘ಸೊಪ್ಪು ತರಕಾರಿ ಚೆನ್ನಾಗಿ ಕೊಡಿ’ ಅಂದು ಮುಂದಿನವರನ್ನು ಕರೆದರು. ಅತ್ತೆ ದಿನಾ ಒಂದೇ ರಾಗ: ‘ನಾ ಯೋಳ್ನಿಲ್ವಾ, ಬಾಡು ಉಣ್ದೆ ಮೈಗೆ ಕಸುವು ಎಲ್ಲಿಂದ ಬತ್ತದೆ?’ ಯಜಮಾನರೂ ಅವರ ಕಡೆಗೇ.

ಬೆಳಗ್ಗೆ 7ಕ್ಕೆ ಟ್ಯೂಷನ್‌ಗೆ ಹೊರಡುವ ಮಗು. ಬಾಡಿಲ್ಲದೆ ಏನು ಕೊಟ್ಟರೆ ಸರಿಹೋಗುತ್ತೆ, ತಿಳಿದವರು ಹೇಳಿ.

ಅಗ್ರಹಾರದ ಮೊಸರನ್ನ

ಏನೂ ಯೋಚನೆ ಮಾಡಬೇಡಿ ತಾಯಿ. ನಮ್ಮ ಮನೆಯಲ್ಲಿ ತಲೆತಲಾಂತರದಿಂದ ಸಸ್ಯಾಹಾರ. ನಮ್ಮ ತಾತ 92 ವರ್ಷ ಬದುಕಿದ್ದರು, ದಿನಾ ಚಾಮುಂಡಿಬೆಟ್ಟದ ಪಾದದವರೆಗೆ ನಡೆಯುತ್ತಿದ್ದರು. ಅನ್ನ, ಸಾರು, ತುಪ್ಪ, ಮೊಸರು. ಇಷ್ಟರಲ್ಲಿ ಎಲ್ಲಾ ಇದೆ. ಈಗಿನವರಿಗೆ ಎಲ್ಲದಕ್ಕೂ ಪರೀಕ್ಷೆ.

ಕುವೆಂಪುನಗರದ ಅಪ್ಪ

ಮೊಸರನ್ನ ಸಾರ್, ಎರಡು ವರ್ಷದ ಹಿಂದೆ ನಾನೂ ಥೇಟ್ ಹೀಗೇ ಮಾತಾಡುತ್ತಿದ್ದೆ. ನಮ್ಮದೂ ಹುಟ್ಟು ಸಸ್ಯಾಹಾರಿ ಮನೆ. ಮಗ ಫಸ್ಟ್ ಪಿಯುಸಿ. ಕಾಲು ಜುಮ್ ಅನ್ನುತ್ತೆ ಅಂತಿದ್ದ, ಓದಿದ್ದು ತಲೆಯಲ್ಲಿ ನಿಲ್ಲುವುದಿಲ್ಲ ಅಂತಿದ್ದ. ಮೊಬೈಲ್ ನೋಡಿ ನೋಡಿ ಹೀಗಾಗಿದೆ ಅಂತ ಬೈದೆ. ಪರೀಕ್ಷೆ ಮಾಡಿಸಿದಾಗ ಬಿ12 ವಿಟಮಿನ್ ತಳ ಹಿಡಿದಿತ್ತು.

ಆಮೇಲೆ ಕೂತು ಲೆಕ್ಕ ಹಾಕಿದೆ. ಬೆಳಗ್ಗೆ ಎರಡು ದೋಸೆ, ಚಟ್ನಿ. ಮಧ್ಯಾಹ್ನ ಡಬ್ಬಿಗೆ ಚಿತ್ರಾನ್ನ ಅಥವಾ ಪುಳಿಯೋಗರೆ. ರಾತ್ರಿ ತಿಳಿಸಾರು, ಆಲೂಗಡ್ಡೆ ಪಲ್ಯ. ಆ ತಿಳಿಸಾರಿನಲ್ಲಿ ಬೇಳೆ ಹುಡುಕಬೇಕಾದರೆ ಮುಳುಗು ಹಾಕಬೇಕು. ಹಾಲನ್ನು 13ನೇ ವಯಸ್ಸಿಗೇ ‘ವಾಸನೆ’ ಅಂತ ಬಿಟ್ಟಿದ್ದ. ಬಿ12 ಯಾವ ಸೊಪ್ಪು, ಕಾಳು, ತರಕಾರಿಯಲ್ಲೂ ಇಲ್ಲ. ಸಸ್ಯಾಹಾರಿಗೆ ಅದು ಸಿಗುವುದು ಹಾಲು, ಮೊಸರು, ಪನೀರಿನಿಂದ, ಇಲ್ಲವೇ ಮಾತ್ರೆಯಿಂದ. ಇಡ್ಲಿ ಹಿಟ್ಟು ಹುಳಿ ಬಂದರೆ ಅದರಲ್ಲಿ ಬರುತ್ತೆ ಅಂತ ಯಾರೋ ಹೇಳಿದ್ದರು, ಅದನ್ನು ನಂಬಿ ಕೂರುವ ಹಾಗಿಲ್ಲವಂತೆ.

ಸಸ್ಯಾಹಾರ ಅಂತ ಹೇಳಿಕೊಂಡು ನಾವು ಅನ್ನಾಹಾರ ಮಾಡುತ್ತಿದ್ದೆವು. ಕೋಸಂಬರಿಯನ್ನು ರಾಮನವಮಿಗೆ ಮೀಸಲಿಟ್ಟಿದ್ದೆವು ನೋಡಿ.

ಕಬ್ಬಿನಗದ್ದೆ

ಮೊಟ್ಟೆನಾದರೂ ತಿನ್ನಿಸಿ ಅಕ್ಕ. ಒಂದು ಮೊಟ್ಟೆಗೆ ಹತ್ತು ಸೊಪ್ಪು ಸಮ ಇಲ್ಲ.

ಮಂಡ್ಯದ ಅಮ್ಮ

ಅವಳು ಒಲ್ಲೆ ಅಂದಿದ್ದಾಳೆ ಅಣ್ಣ. ಗೊತ್ತಾಗದ ಹಾಗೆ ದೋಸೆ ಹಿಟ್ಟಿಗೆ ಹಾಕು ಅಂತ ಅತ್ತೆ ಹೇಳಿದರು. ಸಾರಿನ ಕಥೆ ಆದ ಮೇಲೆ ಆ ಕೆಲಸಕ್ಕೆ ನನಗೆ ಮನಸ್ಸಿಲ್ಲ.

ಡಂಬೆಲ್ ಮೈಸೂರು

ಪ್ರೋಟೀನ್ ಪೌಡರ್ ಬೆಸ್ಟ್ ಆಂಟಿ. ದಿನಕ್ಕೆ ಎರಡು ಸ್ಕೂಪ್. ನಮ್ಮ ಜಿಮ್‌ನಲ್ಲಿ ಎಲ್ಲರೂ ತಗೋತಾರೆ.

ಆಹಾರ ತಜ್ಞೆ, ಮೈಸೂರು

ಡಂಬೆಲ್ ಅವರೇ, 15 ವರ್ಷದ ಹುಡುಗಿಗೆ ಈಗ ಕಡಿಮೆ ಆಗಿರುವುದು ರಕ್ತ. ಡಬ್ಬಿ ಪುಡಿಯಿಂದ ಅದು ಏರುವುದಿಲ್ಲ. ಆ ದುಡ್ಡಿಗೆ ಎಷ್ಟು ಸೇರು ಕಾಳು ಬರುತ್ತೆ ಅಂತ ಒಮ್ಮೆ ದೇವರಾಜ ಮಾರ್ಕೆಟ್ ಕಡೆ ಹೋಗಿ ಕೇಳಿ.

ಅಕ್ಕ, 10.4 ಸಣ್ಣದಲ್ಲ. ಈ ವಯಸ್ಸಿನ ಹೆಣ್ಣುಮಕ್ಕಳಿಗೆ 12 ಇರಬೇಕು. 11ಕ್ಕಿಂತ ಕೆಳಗೆ ಇಳಿದ ಮೇಲೆ ಊಟದಿಂದಲೇ ಮೇಲೆ ತರುತ್ತೇನೆ ಅಂತ ಹಟ ಬೇಡ. ಡಾಕ್ಟರು ಕೊಟ್ಟ ಮಾತ್ರೆ ಬಿಡದೆ ಕೊಡಿ. ಮಲ ಕಪ್ಪಗೆ ಹೋದರೆ ಹೆದರಬೇಡಿ, ಕಬ್ಬಿಣದ ಮಾತ್ರೆಗೆ ಅದು ಸಹಜ. ಹಾಲು, ಟೀ, ಕಾಫಿ ಜೊತೆ ಮಾತ್ರೆ ನುಂಗಿಸಬೇಡಿ. ನಿಂಬೆ ಪಾನಕದ ಜೊತೆ ಆಗುತ್ತೆ. ಹಾಗೇ ಬಿ12 ಕೂಡ ಒಮ್ಮೆ ನೋಡಿಸಿ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಮತ್ತು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರು 2020ರಲ್ಲಿ ಕೊಟ್ಟ ಲೆಕ್ಕ ಹೇಳುತ್ತೇನೆ. 13ರಿಂದ 15 ವರ್ಷದ ಹುಡುಗಿಗೆ ದಿನಕ್ಕೆ 30 ಮಿಲಿಗ್ರಾಂ ಕಬ್ಬಿಣ ಬೇಕು. ಅದೇ ವಯಸ್ಸಿನ ಹುಡುಗನಿಗೆ 22 ಸಾಕು. ಪ್ರೋಟೀನು ಸುಮಾರು 43 ಗ್ರಾಂ, ಕ್ಯಾಲ್ಸಿಯಂ 1000 ಮಿಲಿಗ್ರಾಂ. ಮುಟ್ಟು ಶುರುವಾದ ಮೇಲೆ ಹೆಣ್ಣುಮಕ್ಕಳಿಗೆ ಕಬ್ಬಿಣ ಜಾಸ್ತಿ ಬೇಕು. ನಮ್ಮ ಮನೆಗಳಲ್ಲಿ ಜಾಸ್ತಿ ಬಡಿಸುವುದು ಹುಡುಗನಿಗೆ.

ಬಾಡಿನಲ್ಲಿರುವ ಕಬ್ಬಿಣ ಮೈಗೆ ಸಲೀಸಾಗಿ ಹತ್ತುತ್ತದೆ, ಅದು ನಿಜ. ನಿಮ್ಮ ಅತ್ತೆಯವರ ಮಾತಿನಲ್ಲಿ ಅಷ್ಟು ಸತ್ಯ ಇದೆ. ಸೊಪ್ಪು, ಕಾಳಿನದ್ದು ಅಷ್ಟು ಸುಲಭವಾಗಿ ಹತ್ತುವುದಿಲ್ಲ, ಅದಕ್ಕೆ ಸಿ ವಿಟಮಿನ್ ಜೊತೆ ಬೇಕು. ಕಾಳಿನ ಪಲ್ಯ ಒಲೆಯಿಂದ ಇಳಿಸಿದ ಮೇಲೆ ನಿಂಬೆಹಣ್ಣು ಹಿಂಡಿ. ಕುದಿಯುವಾಗ ಹಿಂಡಿದರೆ ಒಂದಿಷ್ಟು ಹಾಳು. ಊಟ ಆದ ಮೇಲೆ ಒಂದು ಸೀಬೆಹಣ್ಣು, ಇಲ್ಲ ನೆಲ್ಲಿಕಾಯಿ. ಊಟಕ್ಕೆ ಮೊದಲು ಒಂದು ಗಂಟೆ, ಆಮೇಲೆ ಒಂದು ಗಂಟೆ ಟೀ ಬೇಡ. ಟೀಯಲ್ಲಿರುವ ಒಗರು ಕಬ್ಬಿಣವನ್ನು ಮೈಗೆ ಹತ್ತಲು ಬಿಡುವುದಿಲ್ಲ. ಹುಳಿ ಅಡುಗೆಗೆ ಹಳೇ ಕಬ್ಬಿಣದ ಬಾಣಲೆ ಇಟ್ಟರೆ ಅದರಿಂದಲೂ ಒಂದಿಷ್ಟು ಸೇರುತ್ತೆ.

ಎರಡು ನಂಬಿಕೆ ಬಿಡಿ. ಬೀಟ್‌ರೂಟು ಕೆಂಪಗಿದೆ ಅಂತ ರಕ್ತ ಆಗುವುದಿಲ್ಲ. 100 ಗ್ರಾಂ ಬೀಟ್‌ರೂಟಿನಲ್ಲಿ 1 ಮಿಲಿಗ್ರಾಂ ಕಬ್ಬಿಣವೂ ಇಲ್ಲ. ಇನ್ನೊಂದು ಬೆಲ್ಲ. ಮಂಡ್ಯದವರ ಮುಂದೆ ಬೆಲ್ಲದ ಮೇಲೆ ದೂರು ಹೇಳಬಾರದು, ಆದರೂ 10 ಗ್ರಾಂ ಉಂಡೆಯಲ್ಲಿ ಸಿಗುವುದು ಸುಮಾರು ಅರ್ಧ ಮಿಲಿಗ್ರಾಂ. ರುಚಿಗೆ ತಿನ್ನಲಿ, ಔಷಧಿ ಅಂತ ಬೇಡ.

ಇನ್ನೊಂದು ಮಾತು. ವಾರಕ್ಕೊಂದು ದಿನ ತಿನ್ನುತ್ತಿದ್ದ ಬಾಡು ಬಿಟ್ಟು ನಾಲ್ಕೇ ತಿಂಗಳಿಗೆ ರಕ್ತ ಇಷ್ಟು ಇಳಿಯುವುದು ನನಗೆ ಅಷ್ಟು ಒಪ್ಪಿಗೆಯಾಗುತ್ತಿಲ್ಲ. ಮೊದಲಿಂದಲೇ ಕಡಿಮೆ ಇತ್ತೇನೋ. ಹಳೇ ರಿಪೋರ್ಟ್ ಏನಾದರೂ ಇದೆಯಾ?

ಮಂಡ್ಯದ ಅಮ್ಮ

ರಿಪೋರ್ಟ್ ಯಾವುದೂ ಇಲ್ಲ ಮೇಡಂ, ಇದೇ ಮೊದಲು. ನೀವು ಹೇಳಿದ್ದರಲ್ಲಿ ಟೀ ವಿಷಯ ಓದಿ ಗಾಬರಿ ಆಯಿತು. ನಮ್ಮನೆಯಲ್ಲಿ ಊಟದ ತಟ್ಟೆ ಎತ್ತುವ ಮೊದಲೇ ಟೀ ಬರುತ್ತೆ. 43 ಗ್ರಾಂ, 1000 ಮಿಲಿಗ್ರಾಂ ಅಂದರೆ ನನಗೆ ಅರ್ಥ ಆಗಲ್ಲ. ಪಾವು, ಸೌಟು, ಹಿಡಿ ಲೆಕ್ಕದಲ್ಲಿ ಹೇಳಿ.

ಆಹಾರ ತಜ್ಞೆ, ಮೈಸೂರು

ಸರಿ, ಹಾಗೇ ಹೇಳುತ್ತೇನೆ. 100 ಗ್ರಾಂ ಹಿಟ್ಟಿನ ಒಂದು ಮುದ್ದೆಯಲ್ಲಿ 7 ಗ್ರಾಂ ಪ್ರೋಟೀನು. ಒಣಗಿದ್ದಾಗ ಒಂದು ದೊಡ್ಡ ಹಿಡಿ ಬರುವಷ್ಟು ಕಾಳಿನಲ್ಲಿ 8. ಒಂದು ಲೋಟ ಹಾಲಿನಲ್ಲಿ 6, ಒಂದು ಬಟ್ಟಲು ಮೊಸರಿನಲ್ಲಿ 5. ಒಂದು ಹಿಡಿ ಕಡಲೆಬೀಜದಲ್ಲಿ 7. ಅನ್ನದಲ್ಲೂ 7ರಷ್ಟು ಬರುತ್ತೆ. ಕೂಡಿಸಿ ನೋಡಿ, 40. ಜೊತೆಗೆ ಬೇಳೆಯ ಗಟ್ಟಿ ಸಾರು ಇದ್ದರೆ 43 ದಾಟಿತು. ದುಬಾರಿ ಸಾಮಾನು ಇದರಲ್ಲಿ ಯಾವುದಿದೆ?

ಕ್ಯಾಲ್ಸಿಯಂ ಅಂತೂ ರಾಗಿಯಲ್ಲಿ 100 ಗ್ರಾಂಗೆ 360 ಮಿಲಿಗ್ರಾಂ ದಾಟುತ್ತೆ. ಅಷ್ಟೇ ತೂಕದ ಹಾಲಿಗಿಂತ ಮೂರು ಪಟ್ಟು. ನುಗ್ಗೆಸೊಪ್ಪು, ಎಳ್ಳು ಕೂಡ ಒಳ್ಳೆಯದು. ಎಳ್ಳು ಸಂಕ್ರಾಂತಿಗೆ ಮಾತ್ರ ಅಂತ ಯಾರೂ ಹೇಳಿಲ್ಲ.

ನಾಲೆ ಏರಿ

ಮುದ್ದೆ ಅಂದಿದ್ದಕ್ಕೆ ಬಂದೆ. ಅಕ್ಕ, ನಿಮ್ಮ ಮಗಳು ಮುದ್ದೆ ಉಣ್ಣುತ್ತಾಳಾ? ನೀವು ಬರೆದದ್ದರಲ್ಲಿ ಎಲ್ಲೂ ಕಾಣಲಿಲ್ಲ.

ಕನ್ನಂಬಾಡಿ ನಾಲೆ ನೀರು ಬಂದ ಮೇಲೆ ನಮ್ಮ ಸೀಮೆ ಭತ್ತ, ಕಬ್ಬು ಅಂತಾಯಿತು. ರಾಗಿ ನಾಗಮಂಗಲದ ಕಡೆ ಬೆದ್ದಲಿಗೆ ಸರಿಯಿತು. ಬಿಳೀ ಅನ್ನ ಉಂಡವರು ದೊಡ್ಡವರು ಅಂತ ಒಂದು ಕಾಲ ಬಂದುಬಿಟ್ಟಿತು. ಇದೇ ಮಂಡ್ಯದ ಕೃಷಿ ಸಂಶೋಧನೆಯ ವಿ.ಸಿ. ಫಾರಂನಲ್ಲಿ ವಿಜ್ಞಾನಿ ಲಕ್ಷ್ಮಣಯ್ಯನವರು ಆಫ್ರಿಕಾದ ರಾಗಿಯನ್ನು ನಮ್ಮ ರಾಗಿಗೆ ಕೂಡಿಸಿ ಇಂಡಾಫ್ ತಳಿಗಳನ್ನು ತಂದರು. ಜನ ಅವರನ್ನು ‘ರಾಗಿ ಲಕ್ಷ್ಮಣಯ್ಯ’ ಅಂತಲೇ ಕರೆದರು. ಅಂಥ ಊರಿನ ಹೈಸ್ಕೂಲು ಮಕ್ಕಳಿಗೆ ಈಗ ಮುದ್ದೆ ನುಂಗುವುದು ಕಲಿಸಬೇಕಾಗಿದೆ. ನನ್ನ ಮಗನನ್ನೂ ಸೇರಿಸಿಯೇ ಹೇಳುತ್ತಿದ್ದೇನೆ. ಅವನು ಅಗಿಯುತ್ತಾನೆ!

ಮಂಡ್ಯದ ಅಮ್ಮ

ಮುದ್ದೆ ಉಣ್ಣುತ್ತಾಳೆ ಅಣ್ಣ, ಆದರೆ ಬಾಡಿನ ಸಾರಿಗೆ ಮಾತ್ರ ಉಣ್ಣುತ್ತಿದ್ದಳು. ಮೊಸರಿಗೆ ಮುದ್ದೆ ಹೇಗೆ ಉಣ್ಣಲಿ ಅಂತಾಳೆ. ಅದೂ ನಿಜವೇ.

ಮಳವಳ್ಳಿ ಅಜ್ಜಿ, ಈಗ ಮೈಸೂರು

ಮೊಮ್ಮಗಳು ಟೈಪ್ ಮಾಡುತ್ತಿದ್ದಾಳೆ, ನಾನು ಹೇಳುತ್ತಿದ್ದೇನೆ. ಮಗಳೇ, ನಿನ್ನ ಭಾನುವಾರದ ಕಷ್ಟಕ್ಕೆ ಮೊದಲು ಹೇಳುತ್ತೇನೆ. ಬಾಡಿಗೆ ಮಸಾಲೆ ರುಬ್ಬುತ್ತೀಯಲ್ಲ, ಅದನ್ನೇ ಒಂದು ಹಿಡಿ ಜಾಸ್ತಿ ರುಬ್ಬು. ಚಕ್ಕೆ, ಲವಂಗ, ಧನಿಯ, ಕಾಯಿ, ಸುಟ್ಟ ಈರುಳ್ಳಿ ಎಲ್ಲಾ ಅದೇ. ಬಾಡಿನ ಪಾತ್ರೆಗೆ ಹಾಕುವ ಮೊದಲು ಇವಳ ಪಾಲು ಎತ್ತಿಡು. ರಾತ್ರಿ ನೆನೆಸಿದ ಕಡಲೆಕಾಳು ಬೇಯಿಸಿ, ಬದನೆಕಾಯಿ ಹಾಕಿ, ಆ ಮಸಾಲೆ ಬಿಟ್ಟು ಕುದಿಸು. ಚಳಿಗಾಲದಲ್ಲಿ ಹಿತ್ಕವರೆ. ರುಬ್ಬುವುದು ಒಂದೇ ಸಲ, ಪಾತ್ರೆ ಮಾತ್ರ ಎರಡು. ಸೌಟೂ ಎರಡು ಇಡಮ್ಮ. ಮಗು ಕೇಳಿದ್ದು ಅಷ್ಟೇ ತಾನೇ?

ಮಿಕ್ಕ ದಿನಕ್ಕೆ ಬಸ್ಸಾರು. ಕುಕ್ಕರ್‌ಗೆ ಹಾಕಬೇಡ, ಕಾಳು ಕರಗಿಹೋಗುತ್ತೆ. ಅಗಲದ ಪಾತ್ರೆಯಲ್ಲಿ ನೀರು ಕುದಿಯಲಿ. ಮೊದಲು ಅಲಸಂದೆ ಕಾಳು. ಉಗುರಲ್ಲಿ ಒತ್ತಿದರೆ ಹಿಚುಕುವ ಹೊತ್ತಿಗೆ ದಂಟಿನ ಸೊಪ್ಪು, ಉಪ್ಪು. ಸೊಪ್ಪು ಮೆತ್ತಗಾದ ಕೂಡಲೇ ಬಸಿ. ಆ ಕಟ್ಟನ್ನು ಚೆಲ್ಲುವವರನ್ನು ನಾನು ಕಣ್ಣಾರೆ ಕಂಡಿದ್ದೇನೆ, ನಮ್ಮ ಸೊಸೆಯೂ ಮೊದಲ ವರ್ಷ ಚೆಲ್ಲಿದ್ದಳು. ಸೊಪ್ಪಿನ ಸಾರವೆಲ್ಲಾ ಆ ನೀರಿಗೆ ಇಳಿದಿರುತ್ತೆ. ಬಸಿದ ಸೊಪ್ಪು ಕಾಳಿನಲ್ಲೇ ಒಂದು ಹಿಡಿ ತೆಗೆದು, ಹುರಿದ ಈರುಳ್ಳಿ, ಬೆಳ್ಳುಳ್ಳಿ, ಒಣಮೆಣಸಿನಕಾಯಿ, ಜೀರಿಗೆ, ನಾಲ್ಕು ಕಾಳು ಮೆಣಸು, ಕಾಯಿ, ಹುಣಸೆಹಣ್ಣು ಸೇರಿಸಿ ರುಬ್ಬು. ಕಟ್ಟಿಗೆ ಬೆರೆಸಿ ಕುದಿಸಿದರೆ ಸಾರು. ಉಳಿದ ಸೊಪ್ಪು ಕಾಳಿಗೆ ಒಗ್ಗರಣೆ ಕೊಟ್ಟರೆ ಪಲ್ಯ. ಒಂದೇ ಪಾತ್ರೆಯಿಂದ ಎರಡು ಅಡುಗೆ. ಮುದ್ದೆ ತಾನಾಗೇ ಇಳಿಯುತ್ತೆ.

ಹುರುಳಿಕಾಳಿನದ್ದಾದರೆ ಮೊಳಕೆ ಕಟ್ಟು. ಹೆಸರುಕಾಳು ರಾತ್ರಿ ನೆನೆಸಿ ಬೆಳಗ್ಗೆ ಒದ್ದೆ ಬಟ್ಟೆಯಲ್ಲಿ ಕಟ್ಟಿದರೆ ಮಾರನೇ ದಿನಕ್ಕೆ ಬಾಲ ಬಿಡುತ್ತೆ. ಹುರುಳಿ ಹಟಮಾರಿ, ಇನ್ನೊಂದು ದಿನ ಬೇಕು. ಮಧ್ಯೆ ಬಟ್ಟೆಗೆ ನೀರು ಚಿಮುಕಿಸುತ್ತಿರು, ಇಲ್ಲದಿದ್ದರೆ ಅಂಟಾಗಿ ವಾಸನೆ ಬರುತ್ತೆ.

ಆಹಾರ ತಜ್ಞೆ, ಮೈಸೂರು

ಅಜ್ಜಿ, ನಾನು ಬರೆಯಬೇಕಾದದ್ದನ್ನೆಲ್ಲಾ ನೀವೇ ಹೇಳಿಬಿಟ್ಟಿರಿ. ಮೊಳಕೆ ಬಂದಾಗ ಕಬ್ಬಿಣವನ್ನು ಹಿಡಿದಿಟ್ಟುಕೊಂಡಿರುವ ಫೈಟೇಟ್ ಅನ್ನುವ ಅಂಶ ಕಡಿಮೆ ಆಗುತ್ತೆ, ಹಾಗಾಗಿ ಮೈಗೆ ಹತ್ತುವುದೂ ಜಾಸ್ತಿ. ರಾಗಿಗೂ ಇದೇ ಮಾತು. ಮೊಳಕೆ ಕಟ್ಟಿ, ಒಣಗಿಸಿ, ಹುರಿದು ಬೀಸಿದ ಹಿಟ್ಟು ಬೆಳಗ್ಗೆಯ ಗಂಜಿಗೆ ಒಳ್ಳೆಯದು.

ಡಬ್ಬಿ ಖಾಲಿ (ಸೆಕೆಂಡ್ ಪಿಯು)

ದೊಡ್ಡವರೆಲ್ಲಾ ಮಾತಾಡಿ ಆಯಿತಾ? ಈಗ ನಾನು ಹೇಳುತ್ತೇನೆ. ನಾನು ಮಂಡ್ಯದಿಂದ ಮೈಸೂರಿಗೆ ದಿನಾ ರೈಲಲ್ಲಿ ಓಡಾಡುವವಳು. ಆಂಟಿ, ಬಸ್ಸಾರು ಮನೆಯಲ್ಲಿ ಸೂಪರ್. ಆದರೆ ಸೊಪ್ಪಿನ ಪಲ್ಯ ಡಬ್ಬಿಗೆ ಹಾಕಬೇಡಿ, ಪ್ಲೀಸ್. ಬೆಳಗ್ಗೆ 6ಕ್ಕೆ ಮುಚ್ಚಿದ ಡಬ್ಬಿ 1 ಗಂಟೆಗೆ ತೆರೆದರೆ ಸೊಪ್ಪು ಕಪ್ಪಗೆ, ನೀರು ಬಿಟ್ಟು, ಅನ್ನಕ್ಕೆಲ್ಲಾ ಹಸಿರು ಹತ್ತಿ, ಇಡೀ ಬೆಂಚು ಮೂಗು ಮುಚ್ಚುತ್ತೆ. ಆಗ ನಾವು ಏನು ಮಾಡುತ್ತೇವೆ ಗೊತ್ತಾ? ಡಬ್ಬಿ ಮುಚ್ಚಿ ಗೇಟ್ ಹತ್ತಿರ ಗೋಬಿ ತಿನ್ನುತ್ತೇವೆ. 2024ರಲ್ಲಿ ಸರ್ಕಾರ ಗೋಬಿಗೆ ಬಣ್ಣ ಹಾಕಬಾರದು ಅಂತ ಮಾಡಿದ ಮೇಲೆ ಕೆಂಪು ಸ್ವಲ್ಪ ಕಡಿಮೆ ಆಗಿದೆ, ಎಣ್ಣೆ ಅಷ್ಟೇ ಇದೆ.

ನನಗೆ ಆಗಿಬರುವುದು ಏನು ಅಂದರೆ: ಒಣಗಿರಬೇಕು, ಕೈಯಲ್ಲಿ ಹಿಡಿದು ತಿನ್ನುವ ಹಾಗಿರಬೇಕು, ಹತ್ತು ನಿಮಿಷದಲ್ಲಿ ಮುಗಿಯಬೇಕು. ನುಗ್ಗೆಸೊಪ್ಪು, ಈರುಳ್ಳಿ ಹಾಕಿದ ರಾಗಿರೊಟ್ಟಿ ಮಡಚಿ ಒಳಗೆ ಹುಚ್ಚೆಳ್ಳು ಚಟ್ನಿಪುಡಿ. ಕಡಲೆಕಾಳು ಉಸ್ಲಿ, ಪುಟ್ಟ ಡಬ್ಬಿಯಲ್ಲಿ ಬೇರೆ, ನಿಂಬೆ ಹೋಳು ಜೊತೆಗೆ. ನಾವೇ ಹಿಂಡಿಕೊಳ್ಳುತ್ತೇವೆ. ಟ್ಯೂಷನ್‌ಗೆ ಎರಡು ಕಡಲೆಬೀಜದ ಉಂಡೆ, ಬ್ಯಾಗ್ ಸೈಡ್ ಜೇಬಿಗೆ. ಬೆಳಗ್ಗೆ 7ಕ್ಕೆ ಯಾರಿಗೂ ಹೊಟ್ಟೆ ತುಂಬಾ ತಿನ್ನಲು ಆಗಲ್ಲ. ಒಂದು ಲೋಟ ರಾಗಿ ಗಂಜಿ ಕುಡಿದು ಓಡುವುದು ಆಗುತ್ತೆ.

ಮತ್ತೆ, ‘ತಿನ್ನು, ಮೈಗೆ ಒಳ್ಳೇದು’ ಅಂತ ಪ್ರತಿ ತುತ್ತಿಗೂ ಹೇಳಬೇಡಿ. ಗಂಟಲಿಗೇ ಇಳಿಯಲ್ಲ.

ಕುವೆಂಪುನಗರದ ಅಪ್ಪ

ಕೊನೆಯ ಸಾಲನ್ನು ನಮ್ಮ ಮನೆ ಫ್ರಿಜ್ ಮೇಲೆ ಬರೆದು ಅಂಟಿಸುತ್ತೇನೆ. 1950ರಿಂದ ಕೇಂದ್ರದ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಇರುವ ಊರು ನಮ್ಮದು, ಆಹಾರದ ಮೇಲೆ ಅಷ್ಟು ಕೆಲಸ ನಡೆದಿದೆ. ನನ್ನ ಮಗ ಅದರ ಕಾಂಪೌಂಡ್ ಪಕ್ಕದಲ್ಲೇ ನಿಂತು ಪಫ್ಸ್ ತಿನ್ನುತ್ತಾನೆ.

ಹೈಸ್ಕೂಲ್ ಮೇಷ್ಟ್ರು

ಅಮ್ಮಾ, ನಿಮ್ಮ ಮಗಳು ಯಾವ ಶಾಲೆಯೋ ತಿಳಿಯದು. ಸರ್ಕಾರಿ ಶಾಲೆಯಾಗಿದ್ದರೆ ವಾರಕ್ಕೊಂದು ನೀಲಿ ಮಾತ್ರೆ ಕೊಡುತ್ತಾರೆ, ಕಬ್ಬಿಣ ಮತ್ತು ಫೋಲಿಕ್ ಆಮ್ಲದ್ದು. ವರ್ಷಕ್ಕೆ ಎರಡು ಸಲ ಜಂತುಹುಳುವಿನ ಮಾತ್ರೆ. ಬಾಯಿಗೆ ಹಾಕಿಕೊಂಡ ಹಾಗೆ ಮಾಡಿ ಕಿಟಕಿಯಿಂದ ಎಸೆಯುವ ಮಕ್ಕಳೇ ಜಾಸ್ತಿ. ನಮ್ಮ ಶಾಲೆ ಕಿಟಕಿ ಕೆಳಗೆ ಮಳೆ ಬಂದಾಗ ನೆಲ ನೀಲಿ ಆಗುತ್ತೆ. ಖಾಲಿ ಹೊಟ್ಟೆಯಲ್ಲಿ ತಿಂದರೆ ವಾಕರಿಕೆ ಬರುತ್ತೆ, ಅದಕ್ಕೆ ಹೆದರುತ್ತಾರೆ. ಊಟ ಆದ ಮೇಲೆ ಕೊಟ್ಟರೆ ಅಷ್ಟು ತೊಂದರೆ ಇಲ್ಲ.

2013ರಿಂದ ಕ್ಷೀರಭಾಗ್ಯದ ಹಾಲಿದೆ, ಈಗ ರಾಗಿಮಾಲ್ಟೂ ಸೇರಿದೆ. ಮೊಟ್ಟೆ ಬೇಡ ಅಂದವರಿಗೆ ಬಾಳೆಹಣ್ಣು. ನನಗೆ ಇದರಲ್ಲೊಂದು ಕೊರಗು. ಮೊಟ್ಟೆಯಲ್ಲಿ 6 ಗ್ರಾಂ ಪ್ರೋಟೀನು, ಬಾಳೆಹಣ್ಣಿನಲ್ಲಿ 1ರ ಆಸುಪಾಸು. ನಂಜನಗೂಡು ರಸಬಾಳೆಯನ್ನೇ ಕೊಟ್ಟರೂ ಅಷ್ಟೇ. ಬಾಳೆಹಣ್ಣು ಆರಿಸಿಕೊಂಡ ಮಗುವಿಗೆ ಮನೆಯವರು ಒಂದು ಹಿಡಿ ಕಾಳು ಸೇರಿಸಲೇಬೇಕು.

ಹಳೇ ರಿಪೋರ್ಟ್ ಇಲ್ಲ ಅಂದಿರಿ. ಶಾಲೆಗೆ ಆರೋಗ್ಯ ತಪಾಸಣೆಗೆ ಬಂದಾಗ ಮಕ್ಕಳ ಕೈಗೆ ಒಂದು ಚೀಟಿ ಕೊಟ್ಟಿರುತ್ತಾರೆ. ಬಹಳಷ್ಟು ಬ್ಯಾಗಿನ ತಳದಲ್ಲೇ ಸಾಯುತ್ತವೆ. ಒಮ್ಮೆ ಹುಡುಕಿ ನೋಡಿ.

ಒಬ್ಬ ತಾಯಿ

ಇದನ್ನು ಬರೆಯಲೋ ಬೇಡವೋ ಅಂತ ಎರಡು ದಿನ ಯೋಚಿಸಿದೆ. ನನ್ನ ಮಗಳೂ 16ಕ್ಕೆ ಇದ್ದಕ್ಕಿದ್ದ ಹಾಗೆ ‘ಮಾಂಸ ಬೇಡ’ ಅಂದಳು. ಒಳ್ಳೆಯದೇ ಅಂದುಕೊಂಡೆವು. ಆಮೇಲೆ ತುಪ್ಪ ಬೇಡ, ಅನ್ನ ಬೇಡ, ಕಡಲೆಬೀಜ ಬೇಡ, ರಾತ್ರಿ ಬರೀ ಸೌತೆಕಾಯಿ. ಕಾರಣ ಪ್ರಾಣಿಯ ಮೇಲಿನ ಕರುಣೆ ಆಗಿರಲಿಲ್ಲ. ತೂಕದ ಹೆದರಿಕೆ ಆಗಿತ್ತು. ಮೂರು ತಿಂಗಳು ಮುಟ್ಟು ನಿಂತ ಮೇಲೆ ನಮಗೆ ಗೊತ್ತಾಯಿತು. ಊಟದ ತಜ್ಞರ ಜೊತೆ ಮನಸ್ಸಿನ ಡಾಕ್ಟರನ್ನೂ ನೋಡಬೇಕಾಯಿತು. ಈಗ ಚೆನ್ನಾಗಿದ್ದಾಳೆ.

ನಿಮ್ಮ ಮಗಳ ಕಥೆ ಬೇರೆ ಅನ್ನಿಸುತ್ತೆ. ಆದರೂ ಒಮ್ಮೆ ಗಮನಿಸಿ. ಇಷ್ಟದ ಸಸ್ಯಾಹಾರ ಎದುರಿಗಿಟ್ಟರೆ ಹೊಟ್ಟೆ ತುಂಬಾ ಉಣ್ಣುತ್ತಾಳಾ?

ಮಂಡ್ಯದ ಅಮ್ಮ

ಅಕ್ಕ, ಬರೆದದ್ದು ಒಳ್ಳೆಯದಾಯಿತು. ಉಣ್ಣುತ್ತಾಳೆ. ಮೊನ್ನೆ ಅಜ್ಜಿ ಹೇಳಿದ ಹಾಗೆ ಅಲಸಂದೆ ಬಸ್ಸಾರು ಮಾಡಿದೆ. ಒಂದೂವರೆ ಮುದ್ದೆ ಉಂಡು, ಪಾತ್ರೆ ತಳದ ಪಲ್ಯವನ್ನೂ ಕೆರೆದಳು. ನಾನು ಬಾಯಿ ಬಿಗಿಹಿಡಿದು ಏನೂ ಹೇಳಲಿಲ್ಲ, ಪಿಯು ಮಗು ಹೇಳಿದ್ದು ನೆನಪಿತ್ತು.

ಇನ್ನೊಂದು ವಿಷಯ. ಮೇಷ್ಟ್ರು ಹೇಳಿದ ಚೀಟಿ ಸಿಕ್ಕಿತು. ಬ್ಯಾಗಿನಲ್ಲಲ್ಲ, ಹಳೇ ಜಾಮಿಟ್ರಿ ಬಾಕ್ಸಿನೊಳಗೆ ನಾಲ್ಕು ಮಡಿಕೆ ಆಗಿ ಇತ್ತು. ಒಂಬತ್ತನೇ ಕ್ಲಾಸು, ಡಿಸೆಂಬರ್ ತಿಂಗಳದ್ದು. ಮಾರಿಹಬ್ಬಕ್ಕೆ ಮೂರು ತಿಂಗಳು ಮುಂಚೆ. ವಾರ ವಾರ ಬಾಡು ಉಣ್ಣುತ್ತಿದ್ದ ಕಾಲ. ಹಿಮೋಗ್ಲೋಬಿನ್ 10.6.

ಯಜಮಾನರಿಗೆ ತೋರಿಸಿದೆ. ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. ‘ಹಂಗಾದ್ರೆ ಬಾಡು ಬಿಟ್ಟಿದ್ದಕ್ಕೆ ಅಲ್ವಾ?’ ಅಂದರು. ಅಷ್ಟೇ. ಮಗಳನ್ನು ಯಾಕೆ ತೋರಿಸಲಿಲ್ಲ ಅಂತ ಕೇಳಿದೆ. ‘ಎಲ್ಲಾ ಹುಡುಗೀರಿಗೂ ಅಷ್ಟೇ ಇತ್ತಮ್ಮ, ಅದಕ್ಕೇ ಏನೂ ಅಲ್ಲ ಅಂದ್ಕೊಂಡೆ’ ಅಂದಳು.

ಆಹಾರ ತಜ್ಞೆ, ಮೈಸೂರು

ನನ್ನ ಅನುಮಾನ ಇದೇ ಆಗಿತ್ತು. ವಾರಕ್ಕೊಮ್ಮೆ ಎರಡು ತುಂಡು ಬಾಡು ಉಂಡರೆ ಉಳಿದ ಆರು ದಿನದ ಅನ್ನ, ಟೀ ಸರಿಹೋಗುವುದಿಲ್ಲ. ಮುಟ್ಟಿನಲ್ಲಿ ಜಾಸ್ತಿ ಹೋಗುತ್ತಾ ಅಂತ ಕೇಳಿ, ಡಾಕ್ಟರಿಗೆ ಅದನ್ನೂ ಹೇಳಿ. ಜಂತುಹುಳುವಿನ ಮಾತ್ರೆ ಆಗಿದೆಯಾ ನೋಡಿ. ಆಮೇಲೆ, ತಪ್ಪು ತಿಳಿಯಬೇಡಿ, ಮುಂದಿನ ಸಲ ಪರೀಕ್ಷೆಗೆ ಹೋದಾಗ ನೀವೂ ರಕ್ತ ಕೊಟ್ಟು ಬನ್ನಿ.

ಅಗ್ರಹಾರದ ಮೊಸರನ್ನ

ಓದುತ್ತಿದ್ದೇನೆ. ನಮ್ಮ ತಾತ ಬರೀ ಮೊಸರನ್ನ ತಿನ್ನುತ್ತಿರಲಿಲ್ಲ ಅಂತ ನಮ್ಮ ಅಕ್ಕ ಫೋನ್ ಮಾಡಿ ನೆನಪಿಸಿದಳು. ಹಿತ್ತಲಲ್ಲಿ ಹಸು ಇತ್ತು, ದಿನಾ ಎರಡು ದೊಡ್ಡ ಲೋಟ ಹಾಲು, ಹುರಿಗಾಳು ಕಟ್ಟಿದ ಪಂಚೆಯ ತುದಿ. ಮೊಮ್ಮಗಳಿಗೆ ಬಿ12 ನೋಡಿಸಲು ಹೇಳಿದ್ದೇನೆ.

ಮಂಡ್ಯದ ಅಮ್ಮ (ಮೂರು ತಿಂಗಳ ನಂತರ)

ಹೇಗಿದ್ದಾಳೆ ಅಂತ ಕೆಲವರು ಕೇಳಿದ್ದಿರಿ. ನಿನ್ನೆ ಪರೀಕ್ಷೆ ಆಯಿತು, 11.9. ಡಾಕ್ಟರು ಮಾತ್ರೆ ಇನ್ನೂ ಕೆಲವು ತಿಂಗಳು ಬಿಡಬೇಡಿ ಅಂದಿದ್ದಾರೆ. ಬಿ12 ಸ್ವಲ್ಪ ಕಡಿಮೆ ಇತ್ತು, ಅದಕ್ಕೂ ಮಾತ್ರೆ ಕೊಟ್ಟಿದ್ದಾರೆ. ಕೂದಲು ಇನ್ನೂ ಉದುರುತ್ತೆ, ಮೊದಲಿನಷ್ಟಿಲ್ಲ. ಮೆಟ್ಟಿಲನ್ನು ಈಗ ಎರಡೆರಡಾಗಿ ಹತ್ತುತ್ತಾಳೆ.

ಹುರುಳಿ ಮೊಳಕೆ ಎರಡು ಸಲ ಕೆಟ್ಟಿತು ಅಜ್ಜಿ, ಮೂರನೇ ಸಲ ಬಂತು. ಮಗನಿಗೂ ಡಬ್ಬಿಗೆ ಉಸ್ಲಿ ಬೇಕಂತೆ, ಅಕ್ಕನದ್ದು ಕದ್ದು ತಿನ್ನುತ್ತಿದ್ದ.

ತಜ್ಞೆ ಮೇಡಂ ಹೇಳಿದ ಹಾಗೆ ನಾನೂ ರಕ್ತ ಕೊಟ್ಟೆ. 9.8. ಭಾನುವಾರದ ಬಾಡನ್ನು ಒಂದು ವಾರವೂ ತಪ್ಪಿಸದವಳು ನಾನು. ಡಾಕ್ಟರು ನನ್ನ ಮುಖ ನೋಡಿ, ‘ಊಟ ಆದ ಮೇಲೆ ಟೀ ಕುಡಿಯುತ್ತೀರಾ?’ ಅಂತ ಕೇಳಿದರು. ನಾನು ಉತ್ತರ ಕೊಡುವ ಮೊದಲೇ ಮಗಳು, ‘ಎರಡು ಲೋಟ’ ಅಂದಳು. ಈಗ ನಮ್ಮಿಬ್ಬರ ಮಾತ್ರೆ ಒಂದೇ ಡಬ್ಬಿಯಲ್ಲಿ. ನನ್ನ ಟೀ ಲೋಟ ಅವಳ ಕೈಯಲ್ಲಿ. ಗಡಿಯಾರ ನೋಡಿಯೇ ಕೊಡುವುದು.

ಮಳವಳ್ಳಿ ಅಜ್ಜಿ, ಈಗ ಮೈಸೂರು

ಸಂತೋಷ ಆಯಿತು ಮಗಳೇ. ನಿಮ್ಮತ್ತೆ ಏನಂತಾರೆ?

ಮಂಡ್ಯದ ಅಮ್ಮ

‘ಒಂದು ಮನೇಲಿ ಎರಡು ಸಾರು ಕಂಡಿದ್ದಿಲ್ಲ ಕಣವ್ವ’ ಅಂತ ಇನ್ನೂ ಗೊಣಗುತ್ತಾರೆ. ಆದರೆ ಹೋದ ಭಾನುವಾರ ನಾನು ಮುದ್ದೆ ತೊಳಸುತ್ತಿದ್ದಾಗ ನೋಡಿದೆ. ಕಡಲೆಕಾಳಿನ ಪಾತ್ರೆಗೆ ಬೇರೆ ಸೌಟು ತೊಳೆದು ಇಟ್ಟಿದ್ದು ಅವರೇ. ಹಿಡಿಗೆ ಒಂದು ಕೆಂಪು ದಾರವನ್ನೂ ಕಟ್ಟಿದ್ದರು, ಅದಲುಬದಲು ಆಗದಿರಲಿ ಅಂತ.